ಬಿಲ್ಲುಗಾರಿಕೆ: ಗುರಿಗಿಂತ ಮೊದಲು ಮೈ ಪಳಗಲಿ

ಹೊಸದಾಗಿ ಬಿಲ್ಲು ಹಿಡಿದವರು ಗುರಿಹಲಗೆಯನ್ನು ದೂರ ನಿಲ್ಲಿಸಿ, ನಟ್ಟನಡುವಿಗೆ ಹೊಡೆಯಲು ಹೆಣಗುತ್ತಾರೆ. ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಕೆಳಕ್ಕೆ ಹೋದರೆ ಕಣ್ಣನ್ನು ದೂರುತ್ತಾರೆ. ತಪ್ಪು ಇರುವುದು ಹೆಚ್ಚಾಗಿ ಹೆಗಲು ಮತ್ತು ಬೆರಳುಗಳಲ್ಲಿ. ಸಾಂಪ್ರದಾಯಿಕ ಬಿಲ್ಲಿಗೆ ಗುರಿ ತೋರಿಸುವ ಸೈಟ್ ಇಲ್ಲ, ಅಲ್ವಾ? ಹಾಗಾಗಿ ಪ್ರತಿ ಸಲವೂ ಮೈ ಒಂದೇ ರೀತಿ ನಿಲ್ಲಬೇಕು, ಹೆದೆ ಒಂದೇ ಜಾಗಕ್ಕೆ ಬರಬೇಕು. ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿನಿಂದ 30 ಮತ್ತು 50 ಮೀಟರ್ ದೂರಕ್ಕೆ ಹೊಡೆಯುವವರ ಬಲವೂ ಇದೇ.

ಹಗುರ ಬಿಲ್ಲು ಆರಿಸಿ

ವಯಸ್ಕರಿಗೆ ಕಲಿಯಲು 20ರಿಂದ 25 ಪೌಂಡ್ ಎಳೆತದ ಬಲ ಬೇಕಾಗುವ ಬಿಲ್ಲು ಸಾಕು. ಬಿಲ್ಲಿನ ಮೇಲೆ ಬರೆದ ಪೌಂಡ್ ಸಾಮಾನ್ಯವಾಗಿ ಹೆದೆಯನ್ನು 28 ಇಂಚು ಎಳೆದಾಗಿನ ಬಲ. ಪೂರ್ತಿ ಎಳೆದು ಐದು ಸೆಕೆಂಡ್ ನಡುಗದೆ ಹಿಡಿಯಲಾಗದಿದ್ದರೆ ಅದು ನಿಮಗೆ ಭಾರ ಎಂದೇ ಅರ್ಥ. ಭಾರದ ಬಿಲ್ಲಿನಲ್ಲಿ ಒಳ್ಳೆಯ ರೂಢಿ ಬರುವುದೇ ಇಲ್ಲ. ಮುಂಗೈಗೆ ಪಟ್ಟಿ, ಬೆರಳಿಗೆ ಚರ್ಮದ ಟ್ಯಾಬ್ ಹಾಕಿಕೊಳ್ಳಿ. ಬಾಣವಿಲ್ಲದೆ ಹೆದೆಯನ್ನು ಎಂದಿಗೂ ಬಿಡಬೇಡಿ, ಬಿಲ್ಲೇ ಸೀಳಬಹುದು.

ನಿಲುವು, ಹಿಡಿತ

ಇಲ್ಲಿ ಬಲಗೈಯವರಿಗೆ ಹೇಳುತ್ತಿದ್ದೇನೆ, ಎಡಗೈಯವರು ತಿರುಗಿಸಿಕೊಳ್ಳಿ. ಎಡ ಮಗ್ಗುಲು ಗುರಿಯ ಕಡೆಗಿರಲಿ. ಕಾಲುಗಳ ನಡುವೆ ಹೆಗಲಿನಷ್ಟು ಅಗಲ ಬಿಡಿ. ಬಿಲ್ಲನ್ನು ಬಿಗಿಯಾಗಿ ಹಿಡಿಯಬೇಡಿ. ಅದು ಹೆಬ್ಬೆರಳ ಬುಡದ ದಪ್ಪ ಭಾಗಕ್ಕೆ ಒರಗಿದರೆ ಸಾಕು, ಬೆರಳುಗಳು ಸಡಿಲವಾಗಿರಲಿ. ಬಿಗಿದು ಹಿಡಿದರೆ ಬಾಣ ಬಿಡುವಾಗ ಬಿಲ್ಲು ತಿರುಚಿಕೊಳ್ಳುತ್ತದೆ. ಎಡಗೈಯ ಮೊಣಕೈಯನ್ನು ತುಸು ಹೊರಕ್ಕೆ ತಿರುಗಿಸಿದರೆ ಹೆದೆಯ ಏಟು ತಪ್ಪುತ್ತದೆ.

ಹೆದೆಗೆ ಮೂರು ಬೆರಳು. ಬಾಣದ ಮೇಲೆ ತೋರುಬೆರಳು, ಕೆಳಗೆ ಉಳಿದೆರಡು. ತುಂಬಿದ ಬಕೆಟ್‌ನ ಹಿಡಿಕೆಗೆ ಬೆರಳು ಕೊಕ್ಕೆ ಹಾಕುವ ಹಾಗೆ, ಮೊದಲ ಗಂಟಿನ ಬಳಿ ಹೆದೆ ಕೂರಲಿ. ಅಂಗೈ, ಮಣಿಕಟ್ಟು ಸಡಿಲ.

ಎಳೆತ ಮತ್ತು ಆ್ಯಂಕರ್

ತೋಳಿನಿಂದ ಎಳೆಯಬೇಡಿ. ಬಲ ಮೊಣಕೈ ಹಿಂದಕ್ಕೆ ಹೋಗಲಿ, ಬೆನ್ನ ಮೇಲಿನ ಎರಡು ಹೆಗಲೆಲುಬಿನ ಹಲಗೆಗಳು ಹತ್ತಿರ ಬರಲಿ. ಹೆಗಲು ಕಿವಿಯ ಕಡೆ ಏರಬಾರದು. ಪೂರ್ತಿ ಎಳೆದಾಗ ಮೊಣಕೈ ಬಾಣದ ಸಾಲಿನಲ್ಲಿ, ಇಲ್ಲವೇ ಸ್ವಲ್ಪ ಮೇಲೆ ಇರಬೇಕು.

ಈಗ ತೋರುಬೆರಳ ತುದಿ ಬಾಯಿಯ ಮೂಲೆಗೆ ತಾಗಲಿ. ಇದೇ ಆ್ಯಂಕರ್. ನನ್ನ ಪ್ರಕಾರ ಇಡೀ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಒಂದು ಇಂಚು ಕಡಿಮೆ ಎಳೆದರೂ ಬಿಲ್ಲಿನ ಬಲ ಎರಡು ಮೂರು ಪೌಂಡ್ ಇಳಿಯುತ್ತದೆ. ಬಾಣ ಕೆಳಗೆ ಬೀಳುತ್ತದೆ. ಬೆರಳು ಅದೇ ಜಾಗಕ್ಕೆ ತಾಗಿದರೆ ಮಾತ್ರ ಎಳೆತದ ಅಳತೆ ಒಂದೇ ಇರುತ್ತದೆ. ತಲೆಯನ್ನು ಹೆದೆಯ ಕಡೆ ತರಬೇಡಿ, ಹೆದೆಯನ್ನೇ ಮುಖಕ್ಕೆ ತನ್ನಿ.

ಹೆದೆ ಬಿಡುವುದೆಂದರೆ ಬೆರಳು ತೆರೆಯುವುದಲ್ಲ, ಬಿಗಿ ಸಡಿಲಿಸುವುದು. ಬೆನ್ನಿನ ಎಳೆತ ಮುಂದುವರಿದರೆ ಕೈ ತಾನಾಗಿ ದವಡೆ ಸವರಿಕೊಂಡು ಹಿಂದೆ ಹೋಗುತ್ತದೆ. ಬಾಣ ನೆಡುವವರೆಗೂ ಬಿಲ್ಲಿನ ಕೈ ಇಳಿಸಬೇಡಿ.

ಗುರಿಯಿಲ್ಲದ ಅಭ್ಯಾಸ

ಹುಲ್ಲಿನ ದಪ್ಪ ಕಟ್ಟನ್ನು ಎದೆಯೆತ್ತರಕ್ಕೆ ಇಟ್ಟು, ಮೂರು ನಾಲ್ಕು ಮೀಟರ್ ದೂರದಲ್ಲಿ ನಿಲ್ಲಿ. ಕಟ್ಟಿನ ಹಿಂದೆ ಯಾರೂ ಓಡಾಡದ ಜಾಗವಾಗಿರಲಿ. ಗುರಿಯ ಕಾಗದ ಬೇಡವೇ ಬೇಡ. ಒಂದು ಬಾರಿಗೆ ಒಂದೇ ಸಂಗತಿಯ ಮೇಲೆ ಗಮನವಿಡಿ. ಇವತ್ತು ಆ್ಯಂಕರ್ ಅಂದರೆ ಬರೀ ಆ್ಯಂಕರ್. ಬಾಣ ಎಲ್ಲಿಗೆ ಬಿತ್ತು ಎಂದು ನೋಡುವ ಆಸೆ ಹುಟ್ಟಿದರೆ ಕಣ್ಣು ಮುಚ್ಚಿಯೂ ಹೊಡೆಯಬಹುದು, ಕಟ್ಟು ಅಷ್ಟು ಹತ್ತಿರ ಇದ್ದರೆ ಮಾತ್ರ.

ಗುರಿ ಕಂಡ ತಕ್ಷಣ ಬೆರಳು ಅವಸರಪಟ್ಟು ಬಿಟ್ಟುಬಿಡುವ ಚಟ ಬಹಳ ಜನರಿಗಿದೆ. ಅದಕ್ಕೆ ಮದ್ದು ಬಿಡದೇ ಇರುವುದು. ಎಳೆಯಿರಿ, ಆ್ಯಂಕರ್‌ಗೆ ತನ್ನಿ, ಗುರಿ ನೋಡಿ, ನಿಧಾನವಾಗಿ ಹೆದೆಯನ್ನು ವಾಪಸ್ ಇಳಿಸಿ. ಕೆಲವು ಸಲ ಹೀಗೆ ಇಳಿಸಿ, ಒಮ್ಮೆ ಮಾತ್ರ ಬಾಣ ಬಿಡಿ. ಬೇಸರದ ಕೆಲಸ ಹೌದು, ಆದರೆ ಕೈ ನಿಮ್ಮ ಮಾತು ಕೇಳಲು ಕಲಿಯುವುದು ಹೀಗೆಯೇ.

ಆಮೇಲೆ ಕಾಗದ ಅಂಟಿಸಿ. ಬಾಣಗಳು ಗುಂಪಾಗಿ ಬೀಳುತ್ತಿವೆಯೇ ನೋಡಿ. ನಡುವಿಗೆ ಬೀಳದಿದ್ದರೂ ಪರವಾಗಿಲ್ಲ. ಎಡಕ್ಕೆ ಜಾಸ್ತಿ ಹೋಗುತ್ತಿದ್ದರೆ ಹೆದೆ ಬಿಡುವಾಗ ಕೈಯನ್ನು ಮುಖದಿಂದ ಆಚೆ ಕೀಳುತ್ತಿರಬಹುದು. ಕೆಳಗೆ ಬೀಳುತ್ತಿದ್ದರೆ ಬಿಲ್ಲಿನ ಕೈ ಇಳಿಯುತ್ತಿದೆಯೇ, ಎಳೆತ ಕಡಿಮೆಯಾಗುತ್ತಿದೆಯೇ ಎಂದು ಯಾರಿಂದಾದರೂ ವಿಡಿಯೋ ಮಾಡಿಸಿ ನೋಡಿ. ಗುಂಪು ಬಿಗಿಯಾದರೆ ಕೆಲವು ಹೆಜ್ಜೆ ಹಿಂದೆ ಸರಿಯಿರಿ, ಚದುರಿದರೆ ಮತ್ತೆ ಹತ್ತಿರ ಬನ್ನಿ. ಹೆಗಲು ದಣಿದ ಕೂಡಲೇ ಆ ದಿನಕ್ಕೆ ಹೆದೆ ಬಿಚ್ಚಿಡಿ.