ಒಂದೇ ಕೆಲಸಕ್ಕೆ ಒಂದೇ ಕೂಲಿ: ಚುನಾವಣೆ ಹೊತ್ತಲ್ಲಿ ನಾವು ಸಹಿ ಹಾಕಿಸಿದ ಬಗೆ

ಒಂದೇ ಕೆಲಸಕ್ಕೆ ಹೆಂಗಸಿಗೂ ಗಂಡಸಿಗೂ ಒಂದೇ ಕೂಲಿ ಕೊಡ್ತೀರಾ ಅನ್ನುವ ಒಂದು ಪ್ರಶ್ನೆ, ಹೆಂಗಸರ ಸಂಘದ ಒಂದು ಪುಸ್ತಕ. 2024ರ ಲೋಕಸಭಾ ಚುನಾವಣೆಯಲ್ಲಿ ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ನಾವು ಹಿಡಿದು ಹೊರಟಿದ್ದು ಇಷ್ಟೇ. ಚಿಕ್ಕಮಗಳೂರಿನ ಗೆಳತಿಯರೇ ನಕ್ಕಿದ್ದರು. "ಎಂಪಿಗೂ ತೋಟದ ಕೂಲಿಗೂ ಏನು ಸಂಬಂಧ ಅಕ್ಕಾ?" ಅಂದಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಿಂದಿನ ಚುನಾವಣೆಯಲ್ಲಿ ಶಾಮಿಯಾನ ಹಾಕಿಸಿ ಸಭೆ ಮಾಡಿದ್ದೆವು. ಮೈಕು, ಕುರ್ಚಿ, ಉಪ್ಪಿಟ್ಟು ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಮುಂದಿನ ಸಾಲಿನಲ್ಲಿ ಗಂಡಸರು ಕೂತರು, ಹೆಂಗಸರು ಹಿಂದೆ ನಿಂತರು. ಕರಪತ್ರ ಮಾಡಿಸಿದ್ದು ಇನ್ನೊಂದು ಕತೆ. ಪ್ರಕಾಶಕರ ಹೆಸರು, ವಿಳಾಸ ಇಲ್ಲದೆ ಮುದ್ರಿಸಲ್ಲ ಅಂತ ಪ್ರೆಸ್ಸಿನವನು ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ತೋರಿಸಿದ. ಕೊನೆಗೆ ನನ್ನ ಹೆಸರೇ ಹಾಕಿಸಿದೆ. ಎರಡು ಸಾವಿರ ಪ್ರತಿ ಮಾಡಿಸಿದ್ದೆವು, ಅರ್ಧ ಇನ್ನೂ ನಮ್ಮ ಅಟ್ಟದಲ್ಲಿದೆ. ವಾಟ್ಸಾಪ್ ಧ್ವನಿ ಸಂದೇಶವನ್ನೂ ಕಳಿಸಿ ನೋಡಿದೆವು. ತೋಟದ ಆಳುಗಳು ಇರುವ ಲೈನ್ ಮನೆಗಳಲ್ಲಿ ಫೋನ್ ಇರುವುದು ಗಂಡಂದಿರ ಜೇಬಿನಲ್ಲಿ ಅಲ್ವಾ!

ಮಹಿಳಾ ಮೀಸಲಾತಿ ಬಗ್ಗೆಯೂ ಮಾತಾಡಿದ್ದುಂಟು. 2023ರಲ್ಲಿ ಪಾರ್ಲಿಮೆಂಟು ಒಪ್ಪಿದೆ, ಮೂರರಲ್ಲೊಂದು ಸೀಟು ನಮಗೆ ಅಂದೆ. "ಯಾವಾಗಿಂದ?" ಅಂದಳು ಒಬ್ಬಳು. ಜನಗಣತಿ ಆಗಬೇಕು, ಆಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು ಅಂದೆ. "ಆಮೇಲೇ ಬನ್ನಿ ಹಾಗಾದ್ರೆ" ಅಂದಳು. 1978ರಲ್ಲಿ ಇಂದಿರಮ್ಮನಿಗೆ ಓಟು ಹಾಕಿದ ಅಜ್ಜಿಯಂದಿರು ಇರುವ ಊರು ಇದು. ಹೆಂಗಸು ಗೆದ್ದರೂ ಕೂಲಿ ಹಾಗೇ ಇತ್ತು ಅನ್ನುವುದು ಅವರಿಗೆ ಗೊತ್ತು.

ಆಗ ಹಿಡಿದದ್ದು ಕೂಲಿ. ಕೊಯ್ಲಿನಲ್ಲಿ ಕೆಜಿ ಲೆಕ್ಕ, ಅಲ್ಲಿ ಭೇದ ಇಲ್ಲ. ದಿನಗೂಲಿಗೆ ಬಂದರೆ ಹೆಂಗಸಿಗೆ ನೂರು ರೂಪಾಯಿ ಆಸುಪಾಸು ಕಡಿಮೆ ಇತ್ತು. ಸಮಾನ ವೇತನದ ಕಾನೂನು 1976ರಲ್ಲೇ ಬಂದಿತ್ತು! ಕೇಳಿದರೆ "ಗಂಡಸರು ಮರಗಸಿಗೆ ಮರ ಹತ್ತುತ್ತಾರೆ" ಅನ್ನುತ್ತಾರೆ. ಮರಗಸಿ ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವುದು. ಸರಿ, ಮರಗಸಿ ಬಿಡಿ, ಗೊಬ್ಬರ ಹಾಕುವಾಗ ಇಬ್ಬರೂ ಒಂದೇ ಸಾಲಿನಲ್ಲಿ ನಡೀತಾರಲ್ಲ? ಪ್ರಶ್ನೆಯನ್ನು ಅಷ್ಟಕ್ಕೇ ಇಳಿಸಿದೆವು. ಗೆದ್ದಿದ್ದು ಇಲ್ಲೇ ಅಂತ ನನ್ನ ಲೆಕ್ಕ.

ಅಭ್ಯರ್ಥಿಗಳ ಹಿಂದೆ ನಾವು ಓಡಲಿಲ್ಲ. ಉಡುಪಿ–ಚಿಕ್ಕಮಗಳೂರು ಅಂದರೆ ಘಟ್ಟದ ಕೆಳಗೂ ಮೇಲೂ ಹರಡಿದ ಕ್ಷೇತ್ರ, ಅವರು ಜೀಪಿನಿಂದ ಕೈ ಬೀಸಿ ಹೋಗುತ್ತಾರೆ. ಆದರೆ ಓಟು ಕೇಳಲು ಲೈನ್ ಮನೆಗೆ ಬರುವ ಊರ ಮುಖಂಡರು, ಯಾವ ಪಕ್ಷದವರೇ ಇರಲಿ, ಬಹಳಷ್ಟು ಜನ ತೋಟದ ಮಾಲೀಕರೇ. ಅವರು ಬಂದಾಗ ಹೆಂಗಸರು, ಗೊಬ್ಬರದ ಕೆಲಸಕ್ಕೆ ಇಬ್ಬರಿಗೂ ಒಂದೇ ಕೂಲಿ ಅಂತ ಬರೆದ ಸಂಘದ ಪುಸ್ತಕ ಮುಂದಿಟ್ಟು, "ಒಪ್ಪಿಗೆಯಾದರೆ ಸಹಿ ಹಾಕಿ ಅಣ್ಣಾ" ಅನ್ನಬೇಕು. ಜಗಳ ಬೇಡ, ಘೋಷಣೆ ಬೇಡ. ನಾನು ಪಕ್ಕದಲ್ಲೂ ಇರುತ್ತಿರಲಿಲ್ಲ. ಹೊರಗಿನವರು ಕಂಡರೆ ಅದು ಹೋರಾಟ ಆಗಿಬಿಡುತ್ತದೆ.

ಮೊದಲ ವಾರ ಒಂದೂ ಸಹಿ ಬೀಳಲಿಲ್ಲ. ಒಂದು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವನು, ಪುಸ್ತಕ ಕಿತ್ತುಕೊಂಡ. ಅಂದಿನಿಂದ ಎರಡು ಪ್ರತಿ ಇಟ್ಟೆವು. ಮೊದಲ ಸಹಿ ಹೇಗೆ ಬಿತ್ತು ಅನ್ನುವುದನ್ನು ಇಲ್ಲಿ ಬರೆಯಲ್ಲ, ಮುಂದಿನ ಸಲಕ್ಕೂ ಬೇಕು. ಅದು ಬಿದ್ದ ಮೇಲೆ ಎದುರು ಪಕ್ಷದವರು ತಾವಾಗಿಯೇ ಪುಸ್ತಕ ಕೇಳಿಕೊಂಡು ಬಂದರು. ಏಪ್ರಿಲ್ 26ರ ಮತದಾನದ ಹೊತ್ತಿಗೆ ಇಪ್ಪತ್ತರ ಮೇಲಿತ್ತು.

ಮತದಾನದ ದಿನದ ರಜೆಗೆ ದಿನಗೂಲಿಯವರಿಗೂ ಕೂಲಿ ಕೊಡಬೇಕು ಅಂತ ಕಾನೂನೇ ಇದೆ. ಅದನ್ನೂ ಕೇಳಿಸಿದೆವು. ಕೆಲವರು ಕೊಟ್ಟರು.

ಒಟ್ಟು ಖರ್ಚು ನಾಲ್ಕು ಸಾವಿರ ದಾಟಿಲ್ಲ, ಅದರಲ್ಲೂ ಆಟೋಗೇ ಜಾಸ್ತಿ. ಸಹಿ ಹಾಕಿದ ಆರೇಳು ತೋಟಗಳಲ್ಲಿ ಆ ವರ್ಷದ ಮುಂಗಾರು ಗೊಬ್ಬರಕ್ಕೆ ಒಂದೇ ಕೂಲಿ ಬಂತು. ಒಬ್ಬ ಮಾಲೀಕರು ಸಹಿ ಹಾಕಿಯೂ ಕೊಡಲಿಲ್ಲ. ಅವರ ಆಳುಗಳಲ್ಲಿ ಹೆಚ್ಚಿನವರು ಈಗ ಪಕ್ಕದ ತೋಟಕ್ಕೆ ಹೋಗುತ್ತಾರೆ. ಅವರ ತೋಟದಲ್ಲಿ ಚಿಗುರು ತೆಗೆಯಲೂ ಜನ ಸಿಗುತ್ತಿಲ್ಲವಂತೆ.