ಹುಳಿಯನ್ನೂ ಸೋಡಾವನ್ನೂ ಒಟ್ಟಿಗೆ ಸುರಿಯಬೇಡಿ

ಸಿಂಕ್ ಕಟ್ಟಿಕೊಂಡರೆ ಅಡುಗೆ ಸೋಡಾ ಹಾಕಿ ಮೇಲೆ ವಿನೆಗರ್ ಸುರಿಯಿರಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಬುಸ್ಸೆಂದು ನೊರೆ ಉಕ್ಕಿದರೆ ಕೊಳೆ ಹೋಯಿತೆಂದು ಸಮಾಧಾನ. ಆ ನೊರೆ ಬರಿಯ ಇಂಗಾಲದ ಡೈಆಕ್ಸೈಡ್. ವಿನೆಗರ್ ಆಮ್ಲ, ಅಂದರೆ ಹುಳಿ; ಸೋಡಾ ಕ್ಷಾರ. ಆಮ್ಲ ಮತ್ತು ಕ್ಷಾರ ಸೇರಿದರೆ ಒಂದರ ಕಸುವನ್ನು ಇನ್ನೊಂದು ತಿಂದುಹಾಕಿ, ಕೊನೆಗೆ ಉಳಿಯುವುದು ಲವಣ (ಹೀಗೆ ಹುಟ್ಟುವ ವಸ್ತುವಿಗೆಲ್ಲ ಈ ಹೆಸರು, ಊಟದ ಉಪ್ಪಿಗೆ ಮಾತ್ರವಲ್ಲ) ಮತ್ತು ನೀರು. ಇಲ್ಲಿ ಉಳಿಯುವ ಲವಣದ ಹೆಸರು ಸೋಡಿಯಂ ಅಸಿಟೇಟ್. ಅದರಿಂದ ಜಿಡ್ಡೂ ಹೋಗದು, ಕಲೆಯೂ ಹೋಗದು. ಜಿಡ್ಡಿಗೆ ಸೋಡಾ, ಬಿಳಿ ಪದರಕ್ಕೆ ಹುಳಿ. ಬೇರೆ ಬೇರೆಯಾಗಿಯೇ ಬಳಸಿ.

ಬಿಳಿ ಪದರವೆಂದರೆ ಕೊಳವೆ ಬಾವಿ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವುದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ನೀರು ಕುದಿದಾಗ ಅದು ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳ ಹಿಡಿಯುತ್ತದೆ. ಗೋಡೆಗೆ ಬಳಿದ ಸುಣ್ಣ ಗಾಳಿ ತಾಗಿ ಗಟ್ಟಿಯಾಗುವುದೂ ಇದೇ ಲವಣವಾಗಿ. ಉಜ್ಜಿ ತೋಳು ನೋಯಿಸಿಕೊಳ್ಳಬೇಡಿ. ವಿನೆಗರಿಗೆ ಅಷ್ಟೇ ನೀರು ಬೆರೆಸಿ ಕೆಟಲ್‌ಗೆ ಸುರಿದು ಬೆಚ್ಚಗೆ ಮಾಡಿ, ಅರ್ಧ ಗಂಟೆ ಬಿಡಿ. ಸಣ್ಣ ಗುಳ್ಳೆಗಳೇಳುತ್ತಾ ಪದರ ಸಡಿಲವಾಗುತ್ತದೆ. ನಿಂಬೆರಸವೂ ಆದೀತು. ಆಮೇಲೆ ಒಮ್ಮೆ ಬರಿಯ ನೀರು ಕುದಿಸಿ ಚೆಲ್ಲಿ.

ಹಿತ್ತಾಳೆಯ ದೀಪ, ತಾಮ್ರದ ಚೊಂಬುಗಳ ಮೇಲಿನ ಹಸಿರು ಕಿಲುಬೂ ಲವಣವೇ. ಗಾಳಿ, ತೇವ ಸೇರಿ ತಾಮ್ರವನ್ನು ಕ್ಷಾರೀಯ ಕಾರ್ಬೊನೇಟ್ ಮಾಡುತ್ತವೆ. ಅದಕ್ಕೆ ಹುಣಸೆಹಣ್ಣೇ ಸರಿ, ಚಿಟಿಕೆ ಉಪ್ಪು ಸೇರಿದರೆ ಇನ್ನೂ ಚುರುಕು. ಉಜ್ಜಿದ ಮೇಲೆ ಚೆನ್ನಾಗಿ ತೊಳೆದು ಕೂಡಲೇ ಒರೆಸಿ ಒಣಗಿಸಿ. ಹುಳಿ ಅಂಟಿಕೊಂಡಿದ್ದರೆ ನಾಳೆಯೇ ಮತ್ತೆ ಕಿಲುಬು.

ಲವಣಗಳೆಲ್ಲ ಒಂದೇ ಜಾತಿಯವಲ್ಲ. ಊಟದ ಉಪ್ಪು ಹುಳಿಯ ಕಡೆಗೂ ವಾಲದು, ಕ್ಷಾರದ ಕಡೆಗೂ ವಾಲದು. ಒಗೆಯುವ ಸೋಡಾ ಕ್ಷಾರದ ಕಡೆ, ಪಟಿಕ ಹುಳಿಯ ಕಡೆ. ಪಟಿಕ ಎರಡು ಲವಣ ಕೂಡಿದ ಜೋಡಿ ಲವಣ. ಅಡುಗೆ ಸೋಡಾವನ್ನು ಪುಸ್ತಕದವರು ಆಮ್ಲ ಲವಣವೆಂದು ಕರೆದರೂ ಅದರ ನಡತೆ ಮಾತ್ರ ಕ್ಷಾರದ್ದು, ಆದ್ದರಿಂದಲೇ ಹುಳಿ ಮೊಸರಿನ ಹಿಟ್ಟಿಗೆ ಹಾಕಿದರೆ ಉಬ್ಬುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಒಗೆಯುವ ಸೋಡಾ ಮುಟ್ಟಿಸಬೇಡಿ, ಲೋಹವನ್ನೇ ಕೊರೆಯುತ್ತದೆ.

ಮಳೆಗಾಲದಲ್ಲಿ ಕಲ್ಲುಪ್ಪು ಒದ್ದೆಯಾಗುವುದು ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿನಿಂದ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಉಪ್ಪಿನಾಗರಗಳಲ್ಲಿ ಸಮುದ್ರದ ನೀರು ಬಿಸಿಲಿಗೆ ಆರಿ ಉಪ್ಪು ಕಟ್ಟಿದ ಮೇಲೆ ಕಹಿ ನೀರೊಂದು ಉಳಿಯುತ್ತದೆ; ಮೆಗ್ನೀಸಿಯಂ ಕ್ಲೋರೈಡ್ ಬಹುಪಾಲು ಅದರಲ್ಲೇ ಇರುತ್ತದೆ, ಸ್ವಲ್ಪ ಮಾತ್ರ ಉಪ್ಪಿಗೆ ಅಂಟಿ ಬರುತ್ತದೆ. ತೇವವಾದ ಕಲ್ಲುಪ್ಪನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿದ ಮೇಲೆ ಭದ್ರವಾದ ಮುಚ್ಚಳದ ಭರಣಿಗೆ ತುಂಬಿ. ಸ್ಟೀಲ್ ಪಾತ್ರೆಯ ತಣ್ಣೀರಿಗೆ ಉಪ್ಪು ಸುರಿದು ಹಾಗೇ ಬಿಡಬೇಡಿ, ಕರಗದ ಹರಳು ತಳದಲ್ಲಿ ಕೂತರೆ ಚುಕ್ಕೆ ಬೀಳುತ್ತದೆ. ನೀರು ಕುದಿದ ಮೇಲೆ ಹಾಕಿ ಕಲಕಿ.

ಶೌಚಾಲಯಕ್ಕೆ ಸುರಿಯುವ ಆಸಿಡ್ಡನ್ನಂತೂ ಬ್ಲೀಚಿಂಗ್ ಪುಡಿಯೊಂದಿಗೆ ಎಂದೂ ಸೇರಿಸಬೇಡಿ. ಅಲ್ಲಿ ಏಳುವುದು ಕ್ಲೋರಿನ್ ಅನಿಲ, ಶ್ವಾಸಕೋಶವನ್ನೇ ಸುಡುತ್ತದೆ.