ಬಳಪ ಕೊಡುವ ಅವಸರ ನನಗಿಲ್ಲ

ಹೊಸನಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ನನ್ನ ಕೇಂದ್ರದಲ್ಲಿ ಐದು ವರ್ಷ ತುಂಬುವವರೆಗೆ ಯಾವ ಮಗುವಿನ ಕೈಯಲ್ಲೂ ಅಕ್ಷರ ತಿದ್ದಿಸುವುದಿಲ್ಲ. ಊರಲ್ಲಿ ನನ್ನ ಮೇಲಿರುವ ದೂರೂ ಇದೇ. "ಅಕ್ಕೋರು ಮಕ್ಕಳನ್ನ ಚೆನ್ನಾಗಿ ನೋಡ್ಕಳ್ತಾರೆ, ಆದ್ರೆ ಕಲ್ಸೂದು ಎಂತದೂ ಇಲ್ಲ, ಬರೀ ಆಟ." ಪೇಟೆಯ ಕಾನ್ವೆಂಟಿನ ವ್ಯಾನು ನಮ್ಮ ಕ್ರಾಸಿನವರೆಗೂ ಬರುತ್ತದೆ. ಅದರಲ್ಲಿ ಹೋದ ಮೂರೂವರೆ ವರ್ಷದ ಮಗು ಸಂಜೆ ಎಬಿಸಿಡಿ ಬರೆದ ಪುಸ್ತಕ ತರುತ್ತದೆ, ನಮ್ಮಲ್ಲಿಗೆ ಬಂದದ್ದು ಅಂಗಿ ತುಂಬ ಕೆಮ್ಮಣ್ಣು ತರುತ್ತದೆ. ಯಾವ ಅಮ್ಮನಿಗಾದರೂ ಒಳಗೊಳಗೇ ಕಸಿವಿಸಿ ಆಗದೆ ಇರುತ್ತದಾ?

ಆದರೂ ನಾನು ಪಟ್ಟು ಬಿಟ್ಟಿಲ್ಲ. ಕಾರಣ ಮಗುವಿನ ಕೈಯಲ್ಲೇ ಇದೆ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವು ಮೂಳೆಯೇ ಅಲ್ಲ, ಮೆತ್ತನೆಯ ಮೃದ್ವಸ್ಥಿ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ಮೂರು ವರ್ಷದ ಮಗು ಪೆನ್ಸಿಲನ್ನು ಮುಷ್ಟಿ ಕಟ್ಟಿ ಹಿಡಿಯುವುದು ಮೊಂಡಾಟಕ್ಕಲ್ಲ, ಅದರ ಕೈಗೆ ಅಷ್ಟೇ ಸಾಧ್ಯ. ಅದರ ಮೇಲೆ ನಮ್ಮ ಕನ್ನಡದ ಅಕ್ಷರಗಳೆಲ್ಲ ಸುತ್ತು, ಕೊಂಡಿ, ತಿರುವು. 'ಈ' ಬರೆಯಬೇಕಾದರೆ ಮಣಿಕಟ್ಟು ಎಷ್ಟು ಕಡೆ ಹೊರಳಬೇಕು!

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ತಾಯಂದಿರ ಸಭೆಯಲ್ಲಿ ಎಲ್ಲರಿಗೂ ಸ್ಲೇಟು ಬಳಪ ಕೊಟ್ಟು, ಎಡಗೈಯಲ್ಲಿ 'ಈ' ಬರೆಯಿರಿ, ಗೆರೆ ದಾಟಬಾರದು, ಬೇಗ ಬೇಗ ಎಂದು ಹೇಳುತ್ತೇನೆ. ಮೊದಲು ನಗು. ಸ್ವಲ್ಪ ಹೊತ್ತಿಗೆ ಬೆರಳು ಬಿಗಿಯಾಗಿ, ನಾಲಿಗೆ ಹೊರಗೆ ಬಂದು, ಬಳಪ ಮುರಿಯುತ್ತದೆ. ನಾನು ಬೇಕಂತಲೇ ಹಿಂದಿನಿಂದ ಹೋಗಿ "ಇದೆಂತ ಹಿಂಗೆ ಗೀಚಿದೀಯ, ಪಕ್ಕದವಳದ್ದು ನೋಡು" ಎನ್ನುತ್ತೇನೆ. ಒಮ್ಮೆ ಒಬ್ಬರು ಸ್ಲೇಟನ್ನು ಮಗುಚಿ ಹಾಕಿ, "ಸಾಕು ಮಾರಾಯ್ತಿ, ನಂಗೆ ಮನೆಗೆ ಹೋಗ್ಬೇಕು ಅನ್ಸ್ತು" ಎಂದರು. ಆಮೇಲೆ ನಾನು ಭಾಷಣ ಮಾಡುವ ಅಗತ್ಯ ಬೀಳಲಿಲ್ಲ.

ಇನ್ನೊಂದು ಮಾತು ಅಪ್ಪಂದಿರಿಗೆ. ಮನೆಯಲ್ಲಿ ಕೂರಿಸಿಕೊಂಡು ಅ ಆ ಇ ಈ ಎಂದು ಸಾಲಾಗಿ ತಿದ್ದಿಸುತ್ತಾರಲ್ಲ, ನಮ್ಮ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಎಂಬ ಚಟುವಟಿಕೆಯ ಪದ್ಧತಿಯಲ್ಲಿ ಒಂದನೇ ಕ್ಲಾಸಿನ ಮಗು ಶುರು ಮಾಡುವುದು ರ, ಗ, ಸ, ದ, ಅ ಎಂಬ ಕ್ರಮದಲ್ಲಿ. ಬರೆಯಲು ಸುಲಭವಾದದ್ದು, ಒಂದಕ್ಕೊಂದು ಹೋಲುವುದು ಮೊದಲು. ಐದೇ ಅಕ್ಷರ ಬಂದರೆ ಸರ, ಗರಗಸ, ದಸರ ಓದಬಹುದು. ಮನೆಯಲ್ಲಿ ಅತ್ತು ಕರೆದು ಕಲಿತದ್ದನ್ನು ಅಲ್ಲಿ ಹೇಗೂ ಹೊಸದಾಗಿ ಕಲಿಯಬೇಕು.

ಬರೆಸುವುದಿಲ್ಲ ಅಂದ ಮೇಲೆ ದಿನವಿಡೀ ಏನು ಮಾಡಿಸುತ್ತೇನೆ? ಮುಖ್ಯವಾಗಿ ಮಾತಾಡಿಸುತ್ತೇನೆ.

ಮಲೆನಾಡಿನವರಿಗೆ ಇದು ಗೊತ್ತಿರುವ ಸಂಗತಿಯೇ: ನಮ್ಮಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟದ ತಲೆಯಲ್ಲಿ ಒಂದು, ಗುಡ್ಡದ ಆಚೆ ಒಂದು. ಬಯಲುಸೀಮೆಯ ಕೇರಿಯಲ್ಲಿ ಮಗು ಹೊಸ್ತಿಲು ದಾಟಿದರೆ ಆಡಲು ಹತ್ತು ಮಕ್ಕಳು. ನಮ್ಮ ಮಗುವಿಗೆ ಅಜ್ಜ, ಅಜ್ಜಿ, ನಾಯಿ, ಈಗೀಗ ಮೊಬೈಲು. ಮೂರು ತುಂಬಿ ನಮ್ಮಲ್ಲಿಗೆ ಬರುವ ಎಷ್ಟೋ ಮಕ್ಕಳು ತನ್ನ ವಯಸ್ಸಿನ ಇನ್ನೊಂದು ಮಗುವಿನ ಜೊತೆ ನೆಟ್ಟಗೆ ಮಾತಾಡಿಯೇ ಇರುವುದಿಲ್ಲ. ಅಂಥ ಮಗುವಿಗೆ ನಾನು ಮೊದಲು ಕೊಡಬೇಕಾದದ್ದು ಬಳಪವಲ್ಲ, ಕೇಳುವ ಒಂದು ಕಿವಿ.

ಬೆಳಿಗ್ಗೆ ಚಾಪೆ ಮೇಲೆ ಸುತ್ತ ಕೂತು ಒಂದೇ ಪ್ರಶ್ನೆ: "ಬರ್ತಾ ದಾರೀಲಿ ಎಂತ ಕಂಡ್ಯ?" ಮಳೆಗಾಲವಾದರೆ ಉತ್ತರಕ್ಕೆ ಬರವಿಲ್ಲ. ಒಬ್ಬ ಹುಡುಗ ಕಾಲು ಚಾಚಿ "ಉಂಬಳ" (ಜಿಗಣೆ) ಅಂದ. ಅಷ್ಟೇ, ಒಂದು ಪದ. ಎಲ್ಲಿ ಹತ್ತಿತು ಅಂದೆ. "ಸಂಕದ ಹತ್ರ." (ಸಂಕ ಅಂದರೆ ಹಳ್ಳ ದಾಟುವ ಕಾಲುಸೇತುವೆ.) ಆಮೇಲೆ? "ಅಜ್ಜಿ ಸುಣ್ಣ ಹಚ್ತು." ಹಚ್ಚಿದ ಮೇಲೆ? ಅವನು ಸ್ವಲ್ಪ ಯೋಚಿಸಿ, ಬೆರಳನ್ನು ಉಂಬಳದಂತೆ ಮುದುಡಿ ತೋರಿಸಿ, "ಉರುಟಾಗಿ ಬಿತ್ತು, ರಕ್ತ ಬಂತು, ನಾ ಅಳ್ಳಿಲ್ಲ" ಅಂದ. ಮೊದಲು ಏನಾಯಿತು, ಆಮೇಲೆ ಏನಾಯಿತು, ಕೊನೆಗೆ ನನಗೆ ಹೇಗನ್ನಿಸಿತು. ಮುಂದೆ ಮೂರನೇ ಕ್ಲಾಸಿನಲ್ಲಿ ಪ್ರಬಂಧ ಎಂದು ಬರೆಸುವುದು ಇದನ್ನೇ ತಾನೆ? ಅವನ ಮಾತನ್ನು ನಾನು ತಿದ್ದುವುದಿಲ್ಲ. "ಹೌದಾ, ಅಜ್ಜಿ ಸುಣ್ಣ ಹಚ್ಚಿದ ಕೂಡಲೆ ಉಂಬಳ ಉದುರಿಬಿತ್ತಾ" ಎಂದು ಪೂರ್ತಿ ವಾಕ್ಯ ಮಾಡಿ ವಾಪಸು ಕೊಡುತ್ತೇನೆ. ಅದು ಅವನ ಕಿವಿಗೆ ಬಿದ್ದರೆ ಸಾಕು.

ಕಥೆಯನ್ನೂ ದಿನಕ್ಕೊಂದು ಹೇಳುವುದಿಲ್ಲ. ಒಂದೇ ಕಥೆ, ವಾರವಿಡೀ. ಜುಲೈ ತಿಂಗಳಿಗೆ ನಮ್ಮಲ್ಲಿ ಕಾಗಕ್ಕ ಗುಬ್ಬಕ್ಕನೇ ಸರಿ. ಮೊದಲ ದಿನ ನಾನು ಹೇಳುತ್ತೇನೆ. ಎರಡನೇ ದಿನ "ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ" ಎಂಬುದನ್ನು ಅವರು ಹೇಳುತ್ತಾರೆ. ಗುರುವಾರದ ಹೊತ್ತಿಗೆ ಕಥೆ ನನ್ನ ಕೈತಪ್ಪಿರುತ್ತದೆ. ಕಾಗಕ್ಕನ ಸಗಣಿ ಮನೆ ಕರಗಿಹೋಗದ ಹಾಗೆ ಟಾರ್ಪಾಲು ಹೊದೆಸಿದವಳು ನಾಲ್ಕು ವರ್ಷದ ಹುಡುಗಿ. ಅವರ ಮನೆಯ ಕೊಟ್ಟಿಗೆಗೆ ಆ ವರ್ಷ ಟಾರ್ಪಾಲು ಕಟ್ಟಿದ್ದರು. ಗುಬ್ಬಕ್ಕ ಬಾಗಿಲು ತೆಗೆಯದ್ದು ಸರಿಯಾ ಎಂದು ಜಗಳವೂ ಆಯಿತು. ಇದಕ್ಕಿಂತ ಹೆಚ್ಚಿನ ಭಾಷಾಪಾಠ ನನಗೆ ಗೊತ್ತಿಲ್ಲ.

ಲೆಕ್ಕಕ್ಕೆ ಊಟದ ಹೊತ್ತು. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೆ "ಐದು ತಟ್ಟೆ ತಾ" ಎಂದರೆ ಕೈಗೆ ಸಿಕ್ಕಷ್ಟು ತಂದಿಡುತ್ತದೆ. ಆದ್ದರಿಂದ ದಿನಕ್ಕೊಬ್ಬರಿಗೆ ತಟ್ಟೆ ಹಾಕುವ ಕೆಲಸ. ಒಬ್ಬರಿಗೆ ಒಂದು, ಸಹಾಯಕಿಗೊಂದು. ಉಳಿದರೆ ಯಾಕೆ ಉಳಿಯಿತು, ಯಾರು ಬಂದಿಲ್ಲ? ಮಕ್ಕಳೇ ಸುತ್ತ ನೋಡಿ ಹೆಸರು ಹೇಳುತ್ತಾರೆ. ಮಳೆಗಾಲದಲ್ಲಿ ಚೆನ್ನೆಮಣೆ ಬರುತ್ತದೆ. ಊರಿನ ಅಜ್ಜಿಯೊಬ್ಬರು ತಮ್ಮ ಮನೆಯ ಹಳೇ ಮಣೆ ಕೊಟ್ಟಿದ್ದಾರೆ, 14 ಗುಳಿಯದ್ದು. ಪೂರ್ತಿ ಆಟ ಈ ವಯಸ್ಸಿಗೆ ಆಗದು. ಒಂದು ಗುಳಿಗೆ ಒಂದೇ ಕಾಳು ಹಾಕುತ್ತಾ ಸುತ್ತು ಬರುವುದಷ್ಟೇ ನಮ್ಮ ಆಟ. ಬೆರಳು ಮತ್ತು ಎಣಿಕೆ ಒಟ್ಟಿಗೆ ನಡೆಯುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಸಾಮಾನು ಯಾವ ಅಂಗಡಿಯಲ್ಲೂ ಕಂಡಿಲ್ಲ.

ಇಲ್ಲೊಂದು ಎಚ್ಚರಿಕೆ. ನೋಡಲು ಚೆಂದ ಎಂದು ಗುಲಗಂಜಿಯನ್ನು ಮಕ್ಕಳ ಕೈಗೆ ಕೊಡಬೇಡಿ. ಅದರ ಒಳಗಿನದು ವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ನಾನು ಅಂಟುವಾಳದ ಬೀಜ ಇಟ್ಟಿದ್ದೇನೆ, ಅದೂ ಐದರ ಆಸುಪಾಸಿನವರಿಗೆ ಮಾತ್ರ, ಎಣಿಸಿ ಕೊಟ್ಟು ಎಣಿಸಿ ವಾಪಸು ತೆಗೆದುಕೊಳ್ಳುತ್ತೇನೆ. ಮೂರು ವರ್ಷದವರು ಸಿಕ್ಕಿದ್ದನ್ನೆಲ್ಲ ಮೂಗಿಗೋ ಬಾಯಿಗೋ ಹಾಕುತ್ತಾರೆ. ಅವರಿಗೆ ಗೆರಟೆ, ಗೋಟಡಿಕೆಗಿಂತ ದೊಡ್ಡ ಕಲ್ಲು, ಅಡಿಕೆ ಹಾಳೆಯ ಚೂರು. ಕೈಗೆ ಬಲ ಬರಬೇಕಲ್ಲ, ಅದಕ್ಕೆ ಮಣ್ಣು ಕಲಸುವುದು, ಒದ್ದೆ ಬಟ್ಟೆ ಹಿಂಡುವುದು, ಹಾಲಿನ ಪುಡಿ ಕದಡುವುದು. ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ನೀರಲ್ಲಿ ಗೆರೆ ಎಳೆಸುತ್ತೇನೆ. ನಮ್ಮ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಅಮ್ಮಂದಿರು ಬಂದು ಜೊತೆ ಕೂತರೆ ಆ ದಿನ ಹಬ್ಬ. ಅಡ್ಡಗೆರೆ, ಓರೆಗೆರೆ, ಚೌಕ ಎಲ್ಲ ಭುಜದಿಂದ ಬರುತ್ತವೆ, ಬೆರಳು ಆಮೇಲೆ.

ಅಡಿಕೆ ಕೊಯ್ಲಿನ ಕಾಲದಲ್ಲಿ ನನ್ನ ವೇಳಾಪಟ್ಟಿಯೇ ಬೇರೆ. ರಾತ್ರಿ ಬಹಳ ಹೊತ್ತಿನವರೆಗೆ ಅಮ್ಮಂದಿರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ, ಮಗು ಅಲ್ಲೇ ಗೋಣಿ ಮೇಲೆ ಎದ್ದು ಬಿದ್ದು ಮಲಗಿರುತ್ತದೆ. ಬೆಳಿಗ್ಗೆ ಕಣ್ಣುಜ್ಜುತ್ತಾ ಬಂದವರನ್ನು ಎಬ್ಬಿಸಿ ಪದ್ಯ ಹೇಳಿಸುವುದರಲ್ಲಿ ಅರ್ಥವಿಲ್ಲ. ಬಂದ ಕೂಡಲೆ ಹಾಲು ಕುಡಿಸಿ ಮಲಗಿಸುತ್ತೇನೆ. ಮೇಲ್ವಿಚಾರಕಿಯರು ಬಂದಾಗ ಮಕ್ಕಳು ನಿದ್ದೆ ಮಾಡುತ್ತಿದ್ದರೆ ಮುಖ ಗಂಟಿಕ್ಕುವುದುಂಟು. ಕಾರಣ ಹೇಳಿದರೆ ಅರ್ಥ ಮಾಡಿಕೊಂಡವರೂ ಇದ್ದಾರೆ.

ಅದೇ ಕಾಲಕ್ಕೆ ಕೂಲಿಗೆ ಬೇರೆ ಕಡೆಯಿಂದ ಬಂದ ಕುಟುಂಬಗಳ ಮಕ್ಕಳೂ ಸೇರುತ್ತಾರೆ. ಕೆಲವರು ಉತ್ತರ ಕರ್ನಾಟಕದ ಕನ್ನಡ, ಕೆಲವರು ಲಂಬಾಣಿ, ಕೆಲವರು ಉರ್ದು. ಹೊಸ ಮಗುವಿನ ಮನೆಮಾತಿನ ನಾಲ್ಕೈದು ಪದ ನಾನೇ ಮೊದಲು ಕಲಿಯುತ್ತೇನೆ: ನೀರು, ಉಚ್ಚೆ, ಅಮ್ಮ, ಹಸಿವು, ನೋವು. ಅಷ್ಟು ಗೊತ್ತಿದ್ದರೆ ಮಗು ಅಳುವುದು ಅರ್ಧ ಕಡಿಮೆಯಾಗುತ್ತದೆ. ಮಹಾರಾಷ್ಟ್ರದ ಬೋರ್ಡಿಯಲ್ಲಿ ಶಿಶುಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್, ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಕೇರಿಯ ಅಂಗಳಕ್ಕೆ ಒಯ್ದರು. ನಾನೂ ಕೊಯ್ಲು ಜೋರಾಗಿರುವಾಗ ವಾರಕ್ಕೊಮ್ಮೆಯಾದರೂ ಚಾಪೆ ಸುತ್ತಿಕೊಂಡು ಸುಲಿಯುವ ಚಪ್ಪರಕ್ಕೇ ಹೋಗುತ್ತೇನೆ. ಬುಟ್ಟಿ ತುಂಬ ಹಣ್ಣಡಿಕೆ, ಹಸಿರಡಿಕೆ, ಹಾಳೆ, ಸಿಪ್ಪೆ. ಬಣ್ಣ ವಿಂಗಡಿಸಲು, ಗಾತ್ರ ಜೋಡಿಸಲು ಬೇರೆ ಸಾಮಾನು ಎಂತಕ್ಕೆ?

ಎಲ್ಲ ದಿನವೂ ಹೀಗೇ ನಡೆಯುತ್ತದೆ ಎಂದರೆ ಸುಳ್ಳು. ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪಿಗೆ ಫೋಟೋ ಹಾಕಬೇಕು, ಗುಡ್ಡ ಹತ್ತದೆ ಸಿಗ್ನಲ್ ಇಲ್ಲ. ತೂಕ, ಎತ್ತರ, ಗರ್ಭಿಣಿಯರ ಪಟ್ಟಿ, ಯಾವುದೋ ಸಮೀಕ್ಷೆ. ಕೆಲವು ದಿನ ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ ರಿಜಿಸ್ಟರಿನಲ್ಲೇ ಮುಳುಗಿರುತ್ತೇನೆ. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಬುನಾದಿ ಹಂತ, ಆಟವೇ ಪಾಠ ಎಂದು ಹೇಳಿತು. ಒಳ್ಳೆಯದೇ. ಆಡಿಸಲು ಒಂದು ಜೊತೆ ಕೈಯನ್ನು ಬಿಡುವಾಗಿ ಇಡಿ ಎಂಬುದು ನನ್ನ ಕೋರಿಕೆ.

ಈಗ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮ ಬಂದಿದೆ. 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ಹಲವು ತಂದೆತಾಯಿಯರಿಗೆ ಒಂದು ವರ್ಷ ಹಾಳಾಯಿತು ಎಂಬ ಬೇಸರ. ನನಗೆ ಮಾತ್ರ ಸಮಾಧಾನ. ಐದರಿಂದ ಆರರವರೆಗಿನ ಆ ಒಂದು ವರ್ಷದಲ್ಲಿ ನಾನು ಮರಳಿನ ತಟ್ಟೆ ತೆಗೆಯುತ್ತೇನೆ. ಮಗು ಬೆರಳಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಬರೆಯುತ್ತದೆ, ಅಳಿಸುತ್ತದೆ. ಚಪ್ಪಲಿ ಇಡುವ ಜಾಗದಲ್ಲಿ, ಲೋಟದ ಮೇಲೆ ಹೆಸರಿನ ಚೀಟಿ ಇರುತ್ತದೆ. ತನ್ನದು ಯಾವುದು ಎಂದು ಎಲ್ಲರೂ ಗುರುತಿಸುತ್ತಾರೆ. ಬಳಪ ಕೇಳಿದವರಿಗೆ ಕೊಡುತ್ತೇನೆ. ಕೇಳದವರಿಗೆ ಹಿಡಿಸುವುದಿಲ್ಲ.

ಮೇ ತಿಂಗಳಲ್ಲಿ ಶಾಲೆಯ ಟೀಚರಿಗೆ ಪ್ರತಿ ಮಗುವಿನ ಬಗ್ಗೆ ಒಂದೊಂದು ಪುಟ ಬರೆದುಕೊಡುತ್ತೇನೆ. ಎಷ್ಟು ಅಕ್ಷರ ಬರುತ್ತದೆ ಎಂದಲ್ಲ. ಇವನು ಎಡಗೈಯವ, ಬದಲಿಸಬೇಡಿ. ಇವಳಿಗೆ ಬಲಗಿವಿ ಮಂದ ಅನ್ನಿಸುತ್ತದೆ, ತೋರಿಸಿ ಎಂದು ಹೇಳಿದ್ದೇನೆ, ಮುಂದೆ ಕೂರಿಸಿ. ಇವನು ಗುಂಪಿನಲ್ಲಿ ಬಾಯಿ ಬಿಡುವುದಿಲ್ಲ, ದನಕರುವಿನ ಸುದ್ದಿ ತೆಗೆದರೆ ನಿಲ್ಲಿಸುವುದಿಲ್ಲ. ಹೋದ ವರ್ಷ ಆ ಟೀಚರ್ ಫೋನ್ ಮಾಡಿ, ಪುಟದ ಹಿಂಬದಿಯಲ್ಲಿ ಮನೆಯಿಂದ ಶಾಲೆಗೆ ಎಷ್ಟು ದೂರ, ನಡುವೆ ಹಳ್ಳ ಸಂಕ ಇದೆಯಾ ಎಂಬುದನ್ನೂ ಬರೆಯಿರಿ ಎಂದರು. ಈ ಸಲದ ಪುಟಗಳಲ್ಲಿ ಅದನ್ನೂ ಸೇರಿಸುತ್ತಿದ್ದೇನೆ.